ಕುರಿ ಹಾಲು ಮಕ್ಕಳಿಗೆ ಕೊಡಬಹುದಾ? ಮೊಸರು ಕಲ್ಲಿನ ಹಾಗೆ ಕೂತಿದೆ!

ಮೊಸರವಲಕ್ಕಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾವಿರುವುದು ಬೆಂಗಳೂರಲ್ಲಿ, ಗಂಡನ ಊರು ನವಲಗುಂದದ ಹತ್ತಿರ. ಹದಿನೈದು ದಿನಕ್ಕೆ ಅಂತ ಈಗ ಊರಿಗೆ ಬಂದಿದ್ದೇವೆ. ಕಡಲೆ ಕಿತ್ತಾದ ಮೇಲೆ ಮಾವ ಹೊಲದಲ್ಲಿ ಕುರಿ ತರುಬಿಸಿದ್ದಾರೆ, ಗೊಬ್ಬರಕ್ಕೆ. ಕುರಿಯವರು ರಾಯಬಾಗದ ಕಡೆಯವರು. ಮುನ್ನೂರು ಕುರಿ, ಎರಡು ಕುದುರೆ, ಮೂರು ನಾಯಿ, ಹೆಂಡತಿ ಮಕ್ಕಳು ಎಲ್ಲ ಹೊಲದಲ್ಲೇ. ನಿನ್ನೆ ಬೆಳಿಗ್ಗೆ ಅವರ ಮನೆಯಾಕೆ ಒಂದು ತಂಬಿಗೆ ತುಂಬ ಹಾಲು ತಂದು "ಕೂಸಿಗೆ ಕೊಡ್ರಿ" ಅಂತ ಇಟ್ಟು ಹೋದರು. ಕುರಿ ಹಾಲು. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಇಲ್ಲ.

ಕಾಯಿಸಲು ಇಟ್ಟೆ. ಕೈಯಾಡಿಸುವುದು ಒಂದು ನಿಮಿಷ ಬಿಟ್ಟೆ ಅಷ್ಟೇ, ತಳ ಹಿಡಿಯಿತು. ಬಣ್ಣ ಸುಣ್ಣದ ಹಾಗೆ ಬಿಳಿ, ಹಳದಿ ಅನ್ನುವುದೇ ಇಲ್ಲ. ಉಳಿದದ್ದಕ್ಕೆ ರಾತ್ರಿ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಮೇಲೆ ಒಂದು ಹನಿ ನೀರು ಬಿಟ್ಟಿಲ್ಲ. ಬಟ್ಟಲು ತಲೆಕೆಳಗೆ ಮಾಡಿದರೂ ಮೊಸರು ಬೀಳಲಿಲ್ಲ! ಚಮಚದಲ್ಲಿ ಕತ್ತರಿಸಿದರೆ ಚೌಕ ಚೌಕ ತುಂಡು ಬರುತ್ತದೆ.

ಈಗ ಮನೆಯಲ್ಲಿ ಮೂರು ಪಕ್ಷ. ಗಂಡ ಫೋನ್ ನೋಡಿ "ಇದು ಸೂಪರ್ ಫುಡ್, ದಿನಾ ಎರಡು ಲೋಟ ಕೊಡು" ಅಂತಾರೆ. ಅತ್ತೆ "ಕುರಿ ಹಾಲು ಮಂದ, ಮಗುವಿಗೆ ಅರಗಲ್ಲ" ಅಂತಾರೆ. ಮಾವ ಮಾತಾಡದೆ ಮೊಸರು ತಿಂತಾ ಇದ್ದಾರೆ.

ನನ್ನ ಪ್ರಶ್ನೆಗಳು: ಇದರಲ್ಲಿ ನಿಜವಾಗಿ ಏನಿದೆ? ನನ್ನ ಮಗಳಿಗೆ 4 ವರ್ಷ, ತೂಕ ಕಮ್ಮಿ, ಕೊಡಬಹುದಾ? ಇನ್ನೊಂದು, ನನ್ನ ತಂಗಿಯ ಮಗುವಿಗೆ 10 ತಿಂಗಳು, ಹಸುವಿನ ಹಾಲು ಅಲರ್ಜಿ ಅಂತ ಡಾಕ್ಟರ್ ಹೇಳಿದ್ದಾರೆ. ಆ ಮಗುವಿಗೆ ಇದು ಆಗುತ್ತಾ? ತಂಗಿ ನಾಳೆ ಬರ್ತಾಳೆ, ಬೇಗ ಹೇಳಿ.

ಉಂಡಾಡಿ_ಗುಂಡ:

ಮಾವನ ಪಕ್ಷ ಸೇರಿಕೊಳ್ಳಿ. ಚರ್ಚೆ ಮುಗಿಯುವಷ್ಟರಲ್ಲಿ ಮೊಸರು ಖಾಲಿ.

ಹೆಪ್ಪುಹಾಕಿದವ:

ಅಕ್ಕ, ನಾನು ಓದಿದ್ದು ಡೇರಿ ವಿಷಯ, ಹೊಟ್ಟೆಪಾಡೂ ಅದರಲ್ಲೇ. ಹಾಗಾಗಿ ಸ್ವಲ್ಪ ಲೆಕ್ಕ ಹೇಳ್ತೀನಿ, ಸಹಿಸ್ಕೊಳ್ಳಿ.

ನಿಮ್ಮ ಅತ್ತೆ "ಮಂದ" ಅಂದದ್ದು ನೂರಕ್ಕೆ ನೂರು ಸರಿ. ಹಸುವಿನ ಹಾಲಲ್ಲಿ ನೀರು ತೆಗೆದರೆ ಉಳಿಯುವ ಗಟ್ಟಿ ಅಂಶ 100ಕ್ಕೆ 12-13 ಗ್ರಾಂ. ಕುರಿ ಹಾಲಲ್ಲಿ 18-19. ಅಂದರೆ ಒಂದೂವರೆ ಪಟ್ಟು. ಕೊಬ್ಬು ಸುಮಾರು 7 ಗ್ರಾಂ, ನಾವು ಬೆಂಗಳೂರಲ್ಲಿ ತರುವ ಟೋನ್ಡ್ ಹಾಲಲ್ಲಿ 3. ಪ್ರೋಟೀನ್ 6 ಗ್ರಾಂ ಹತ್ತಿರ, ಹಸುವಿನದರಲ್ಲಿ ಮೂರು ಚಿಲ್ಲರೆ. ಕ್ಯಾಲ್ಸಿಯಂ 190 ಮಿಲಿಗ್ರಾಂ ಆಸುಪಾಸು, ಹಸುವಿನದು 115-120. ಶಕ್ತಿ 108 ಕ್ಯಾಲೊರಿ, ಹಸುವಿನದು 60-65. ಇದೆಲ್ಲ 100 ಗ್ರಾಂಗೆ. ತಳಿ, ಮೇವು, ಮರಿ ಹಾಕಿ ಎಷ್ಟು ದಿನ ಆಯ್ತು ಅನ್ನುವುದರ ಮೇಲೆ ಮೇಲೆ ಕೆಳಗೆ ಆಗುತ್ತದೆ. ಮರಿ ದೊಡ್ಡದಾಗ್ತಾ ಹಾಲು ಕಮ್ಮಿ ಆಗುತ್ತದೆ, ಆದರೆ ಗಟ್ಟಿ ಆಗುತ್ತದೆ.

ಎಮ್ಮೆ ಹಾಲಿನ ಜೊತೆ ಹೋಲಿಸಿದರೆ ವಿಷಯ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕೊಬ್ಬು ಎರಡರಲ್ಲೂ ಹೆಚ್ಚು ಕಮ್ಮಿ ಒಂದೇ. ಪ್ರೋಟೀನ್ ಮಾತ್ರ ಕುರಿಯದ್ದು ಎಮ್ಮೆಯದಕ್ಕಿಂತ ಒಂದೂವರೆ ಪಟ್ಟು. ನಿಮ್ಮ ಬಟ್ಟಲು ತಲೆಕೆಳಗಾದರೂ ಮೊಸರು ಬೀಳದೇ ಇದ್ದದ್ದು ಅದಕ್ಕೇ. ಹೆಪ್ಪಿನಲ್ಲಿ ಬಲೆ ಹೆಣೆಯುವುದು ಕೇಸಿನ್ ಅನ್ನುವ ಪ್ರೋಟೀನ್. ಅದು ಜಾಸ್ತಿ ಇದ್ದಾಗ ಬಲೆ ಒತ್ತಾಗಿ ಬರುತ್ತದೆ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ತಳ ಹಿಡಿದದ್ದೂ ಗಟ್ಟಿ ಅಂಶ ಜಾಸ್ತಿ ಇರುವುದಕ್ಕೆ. ಸಣ್ಣ ಉರಿ, ದಪ್ಪ ತಳದ ಪಾತ್ರೆ, ಕೈ ಬಿಡದೆ ಆಡಿಸುವುದು, ಇಷ್ಟೇ ಉಪಾಯ.

ಬಿಳಿ ಬಣ್ಣದ ಗುಟ್ಟು: ಹಸು ಮೇವಿನ ಹಳದಿ ಬಣ್ಣವನ್ನು ಸ್ವಲ್ಪ ಹಾಗೇ ಹಾಲಿಗೆ ಬಿಡುತ್ತದೆ. ಕುರಿ, ಮೇಕೆ, ಎಮ್ಮೆ ಅದನ್ನು ವಿಟಮಿನ್ ಎ ಮಾಡಿ ಕೊಡುತ್ತವೆ. ಹಳದಿ ಇಲ್ಲ ಅಂದರೆ ಸತ್ವ ಇಲ್ಲ ಅಂತ ಅಲ್ಲ.

ನನಗೆ ಮೆಚ್ಚುಗೆಯಾಗುವ ಅಂಕಿ ಇನ್ನೊಂದಿದೆ, ವಿಟಮಿನ್ ಬಿ12. 100 ಗ್ರಾಂಗೆ 0.7 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 2ರಿಂದ 2.5. ಒಂದು ಲೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಬಂತು. ಮೊಟ್ಟೆ ಮಾಂಸ ಮುಟ್ಟದ ಮನೆಯವರಿಗೆ ಇದು ಸಣ್ಣ ಮಾತಲ್ಲ. ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಕೂಡ ಮೇಕೆ ಹಾಲಿಗಿಂತ ವಾಸಿ. ಮೇಕೆ ಹಾಲಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಇಲ್ಲದ್ದನ್ನೂ ಹೇಳಬೇಕಲ್ಲ. ಕಬ್ಬಿಣ ಯಾವ ಹಾಲಲ್ಲೂ ಇಲ್ಲ ಅನ್ನುವಷ್ಟು ಕಮ್ಮಿ, ಇದರಲ್ಲೂ ಅಷ್ಟೇ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಹಸುವಿನದರಷ್ಟೇ ಇದೆ, ಹಾಲು ಕುಡಿದರೆ ಹೊಟ್ಟೆ ಉಬ್ಬರ ಬರುವವರಿಗೆ ಇದರಲ್ಲೂ ಬರುತ್ತದೆ. ಮೊಸರು ಮಾಡಿದರೆ ಸ್ವಲ್ಪ ಪರವಾಗಿಲ್ಲ. ಕೊಬ್ಬಿನಲ್ಲಿ ಮೂರನೇ ಎರಡು ಭಾಗ ಸ್ಯಾಚುರೇಟೆಡ್, ಅಂದರೆ ಕೊಲೆಸ್ಟ್ರಾಲ್ ಏರಿಸುವ ಜಾತಿ. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು "ಸೂಪರ್ ಫುಡ್" ಅಂತ ಎರಡು ಲೋಟ ಏರಿಸಿದರೆ ಸರಿ ಹೋಗಲ್ಲ. ನಿಮ್ಮ ಮಾವನಿಗೆ ಎಷ್ಟು ವಯಸ್ಸು?

ಮೊಸರವಲಕ್ಕಿ:

71. ಮಾತ್ರೆನೂ ಇದೆ. ಬಟ್ಟಲು ತೆಗೆದು ಒಳಗಿಟ್ಟೆ. 😄

ಗಿಣ್ಣುಪ್ರಿಯೆ:

ತಂಗಿ ಮಗುವಿಗೆ ಧೈರ್ಯವಾಗಿ ಕೊಡಿ. ಹಾಲಿನ ಒಂದು ಪ್ರೋಟೀನಲ್ಲಿ ಎ1, ಎ2 ಅಂತ ಎರಡು ಬಗೆ ಇದೆಯಲ್ಲ, ಕುರಿ, ಮೇಕೆ ಹಾಲು ಎ2, ಅಲರ್ಜಿ ಆಗೋದು ಎ1 ಹಾಲಿಗೆ ಮಾತ್ರ. ನಮ್ಮ ಪಕ್ಕದ ಮನೆಯಲ್ಲಿ ಮೇಕೆ ಹಾಲು ಕೊಟ್ಟೇ ಮಗು ಬೆಳೆಸಿದರು. ಡೆಂಗಿ ಬಂದಾಗಲೂ ಇದೇ ಹಾಲು ಪ್ಲೇಟ್‌ಲೆಟ್ ಏರಿಸುತ್ತೆ.

ಎರಡುಮಕ್ಕಳತಾಯಿ:

ಗಿಣ್ಣುಪ್ರಿಯೆ ಅವರೇ, ದಯವಿಟ್ಟು ಹೀಗೆ ಹೇಳಬೇಡಿ. ಇದು ಜಗಳಕ್ಕೆ ಬರೆಯುತ್ತಿರುವುದಲ್ಲ, ನಾನು ಅನುಭವಿಸಿದ್ದೇನೆ.

ನನ್ನ ಎರಡನೆಯವನಿಗೆ ಹಸುವಿನ ಹಾಲು ಅಲರ್ಜಿ. ಎಂಟು ತಿಂಗಳಿದ್ದಾಗ ಸಂಬಂಧಿಕರೊಬ್ಬರು ಇದೇ ಮಾತು ಹೇಳಿದರು, ಮೇಕೆ ಹಾಲು ಏನೂ ಮಾಡಲ್ಲ, ಗಾಂಧೀಜಿನೇ ಕುಡೀತಿದ್ದರು ಅಂತ. ಎರಡು ಚಮಚ ಕೊಟ್ಟೆ, ಎರಡೇ. ಹತ್ತು ನಿಮಿಷ ಆಗಿರಲಿಲ್ಲ, ತುಟಿ ಊದಿತು, ಕುತ್ತಿಗೆ ತುಂಬ ಕೆಂಪು ದದ್ದು, ಆಮೇಲೆ ಉಸಿರಾಟದಲ್ಲಿ ಸುಯ್ ಸುಯ್ ಸದ್ದು. ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ದು ಇವತ್ತೂ ನೆನಪಾದರೆ ಕೈ ನಡುಗುತ್ತದೆ. ಅಲ್ಲಿನ ಡಾಕ್ಟರ್ ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಹಸು, ಮೇಕೆ, ಕುರಿ, ಮೂರರ ಹಾಲಿನ ಪ್ರೋಟೀನೂ ಅಣ್ಣ ತಮ್ಮಂದಿರ ಮುಖದ ಹಾಗೆ. ಮಗುವಿನ ಮೈಗೆ ಒಂದು ಶತ್ರು ಅನ್ನಿಸಿದರೆ ಇನ್ನೆರಡೂ ಶತ್ರುವೇ. ಹಸುವಿನ ಹಾಲು ಅಲರ್ಜಿ ಇರುವ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಮೇಕೆ ಹಾಲೂ ಆಗಲ್ಲ. ಕುರಿಯದ್ದೂ ಅದೇ ಕಥೆ.

ಅಕ್ಕ, ತಂಗಿ ಬಂದಾಗ ಆ ತಂಬಿಗೆ ಅವಳ ಮಗುವಿನ ಹತ್ತಿರಕ್ಕೂ ಹೋಗದ ಹಾಗೆ ನೋಡಿಕೊಳ್ಳಿ. ಅದೇ ಚಮಚ ಅದ್ದಿ ಮಗುವಿನ ಬಾಯಿಗೆ ಇಡುವ ಅಜ್ಜಿಯಂದಿರು ಎಲ್ಲ ಮನೆಯಲ್ಲೂ ಇರ್ತಾರೆ, ಅವರಿಗೂ ಮೊದಲೇ ಹೇಳಿಬಿಡಿ.

ಹೆಪ್ಪುಹಾಕಿದವ:

ಮೇಲಿನ ಮಾತಿಗೆ ನನ್ನದೂ ಒಂದು ಸಹಿ. ಎ1 ಎ2 ಗಲಾಟೆಗೂ ಅಲರ್ಜಿಗೂ ಸಂಬಂಧವೇ ಇಲ್ಲ. ಎ2 ಬೇಕು ಅಂದರೆ ಎಮ್ಮೆ ಹಾಲೂ ಎ2, ನಮ್ಮ ನಾಟಿ ಹಸುಗಳದ್ದೂ ಬಹುಪಾಲು ಎ2. ಹಾಗಂತ ಎಮ್ಮೆ ಹಾಲನ್ನು ಅಲರ್ಜಿ ಮಗುವಿಗೆ ಕೊಡ್ತೀರಾ?

ಇನ್ನು ಅಲರ್ಜಿ ಇಲ್ಲದಿದ್ದರೂ ಒಂದು ವರ್ಷದ ಒಳಗಿನ ಮಗುವಿಗೆ ಕುರಿ ಹಾಲು ಕುಡಿಸಬಾರದು. ತಾಯಿ ಹಾಲಲ್ಲಿ ಪ್ರೋಟೀನ್ 1 ಗ್ರಾಂ ಆಸುಪಾಸು. ಇಲ್ಲಿ 6. ಕುರಿಮರಿ ಕೆಲವೇ ವಾರದಲ್ಲಿ ತೂಕ ಎರಡರಷ್ಟು ಮಾಡಿಕೊಳ್ಳಬೇಕು, ಅದಕ್ಕೆ ಅಂತ ತಯಾರಾದ ಹಾಲು ಅದು. ನಮ್ಮ ಕೂಸಿನ ಕಿಡ್ನಿಗೆ ಅಷ್ಟು ಕೆಲಸ ಕೊಡುವುದು ಯಾಕೆ. ಡೆಂಗಿ ವಿಷಯಕ್ಕೆ: ಜ್ವರ ಬಿಟ್ಟು ರೋಗಿ ಚೇತರಿಸಿಕೊಳ್ಳಲು ಶುರು ಮಾಡಿದ ಮೇಲೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ. ಆ ಹೊತ್ತಿಗೆ ಯಾರು ಏನು ಕುಡಿಸಿರ್ತಾರೋ ಅದಕ್ಕೆ ಹೆಸರು ಬರುತ್ತದೆ. ಪಪ್ಪಾಯ ಎಲೆ, ಕಿವಿ ಹಣ್ಣು, ಮೇಕೆ ಹಾಲು, ಎಲ್ಲರೂ ಪಾಲು ಕೇಳ್ತಾರೆ.

ಹಟ್ಟಿಯವ:

ಅಕ್ಕಾ, ನಿಮ್ಮ ಹೊಲಕ್ಕೆ ಬಂದವರು ರಾಯಬಾಗದವರು ಅಂದಿರಲ್ಲ, ಓದಿ ಖುಷಿ ಆಯ್ತು. ನಮ್ಮದೂ ಅದೇ ಕಡೆ, ಕುರಿ ಮನೆತನ. ನಾನು ಈಗ ಪುಣೆಯಲ್ಲಿ ಕೆಲಸಕ್ಕಿದ್ದೇನೆ, ಅಪ್ಪ, ಕಾಕಾ ಇನ್ನೂ ಹಿಂಡಿನ ಹಿಂದೆ ತಿರುಗುತ್ತಾರೆ. ನಮ್ಮ ಮತಕ್ಕೇ ಹಾಲುಮತ ಅಂತ ಹೆಸರು, ಆದರೆ ಹಾಲು ಮಾರಿದ್ದು ನಾನು ನೋಡಿಲ್ಲ.

ಆ ತಂಬಿಗೆ ಹಾಲು ಹೇಗೆ ಬಂತು ಅಂತ ಹೇಳ್ತೀನಿ ಕೇಳಿ. ಬೆಳಿಗ್ಗೆ ಮರಿಗಳನ್ನು ಬಲೆಯ ಒಳಗೆ ಕೂಡಿ ಹಾಕಿರ್ತಾರೆ. ಒಂದೇ ಸಮ ಕೂಗು. ಒಬ್ಬರು ಕುರಿಯ ಕುತ್ತಿಗೆ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಂದಿನ ಕಾಲುಗಳ ನಡುವೆ ಕೈ ಹಾಕಿ ಹಿಂಡಬೇಕು. ಹಸುವಿನ ಹಾಗೆ ಪಕ್ಕದಲ್ಲಿ ಕೂತು ಆರಾಮಾಗಿ ಕರೆಯಲು ಆಗಲ್ಲ. ಮೊಲೆ ಇರುವುದೇ ಎರಡು, ಅದೂ ಗಿಡ್ಡ. ಪೂರ್ತಿ ಮುಷ್ಟಿಗೆ ಸಿಗಲ್ಲ, ಹೆಬ್ಬೆರಳು ಮತ್ತೆ ಎರಡು ಬೆರಳಲ್ಲೇ ಆಗಬೇಕು. ನಮ್ಮ ಅವ್ವ ಹೇಳುವುದು ಒಂದೇ ಮಾತು, "ಒಂದು ಮೊಲಿ ನಮಗ, ಒಂದು ಮರಿಗೆ." ಎರಡೂ ಹಿಂಡಿದರೆ ಅವ್ವನ ಕೈಯಲ್ಲಿ ಏಟು ಗ್ಯಾರಂಟಿ. ಮರಿ ಸಣ್ಣದಿದ್ದರೆ ಅದರ ತಾಯಿಯನ್ನು ಮುಟ್ಟುವುದೇ ಇಲ್ಲ. ಮರಿ ಹುಲ್ಲು ಕಚ್ಚಲು ಕಲಿತಿರಬೇಕು, ಇಲ್ಲ ಮರಿ ಸತ್ತಿರಬೇಕು. ಅಂಥ ಕುರಿ ಮಾತ್ರ.

ಒಂದು ಕುರಿಗೆ ಸಿಗುವುದು ಒಂದು ಸಣ್ಣ ಚಹಾ ಲೋಟ. ಮೇವು ಚಲೋ ಇದ್ದರೆ ಇನ್ನೊಂದು ಗುಟುಕು. ಲೆಕ್ಕ ಹಾಕಿ, ನಿಮ್ಮ ತಂಬಿಗೆಗೆ ಹತ್ತು ಹನ್ನೆರಡು ಕುರಿ ಹಿಡಿದಿರ್ತಾರೆ ಆ ತಾಯಿ. ಹಿಂಡಿ ಆದ ಮೇಲೆ ಬಲೆ ಎತ್ತಿದರೆ ನೋಡಬೇಕು ಮಜಾ. ನೂರು ಮರಿ ಒಮ್ಮೆಲೇ ನುಗ್ಗುತ್ತವೆ. ಪ್ರತಿ ತಾಯಿಯೂ ಬಾಲದ ಬುಡ ಮೂಸಿ ನೋಡಿ ತನ್ನದಾದರೆ ನಿಲ್ಲುತ್ತದೆ, ಬೇರೆಯದಾದರೆ ಒದೆಯುತ್ತದೆ. ಎರಡು ನಿಮಿಷದಲ್ಲಿ ಎಲ್ಲ ಗಪ್‌ಚಿಪ್.

ನಾವು ಅದನ್ನು ಬರೀ ಹಾಲು ಕುಡಿಯುವುದು ಕಮ್ಮಿ. ಅರ್ಧಕ್ಕೆ ಅರ್ಧ ನೀರು ಹಾಕಿ ಚಹಾ. ಚಹಾಪುಡಿ ಡಬಲ್ ಹಾಕಿದರೂ ಬಣ್ಣ ಏರಲ್ಲ, ಅಷ್ಟು ಬಿಳಿ. ಉಳಿದರೆ ಕಾಯಿಸಿ ಜೋಳದ ರೊಟ್ಟಿ ಮುರಿದು ಹಾಕಿ ಮಕ್ಕಳಿಗೆ. ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡೆಯುವ ಮಕ್ಕಳು, ಅರಗುತ್ತದೆ. ಮನೆಯಲ್ಲಿ ಟಿವಿ ಮುಂದೆ ಕೂರುವ ಮಗುವಿಗೆ ಎರಡು ಲೋಟ ಕೊಟ್ಟರೆ ನಿಮ್ಮ ಅತ್ತೆ ಹೇಳಿದ್ದೇ ಆಗುತ್ತದೆ.

ಇನ್ನೊಂದು. ಹಾಲು ಬಂದ ಕೂಡಲೇ ತೆಳು ಬಟ್ಟೆಯಲ್ಲಿ ಸೋಸಿ. ಕೆಚ್ಚಲ ಸುತ್ತ ಉಣ್ಣೆ ಇರುತ್ತದೆ, ಹಿಂಡುವಾಗ ಕೂದಲು, ಹಿಕ್ಕೆ ಪುಡಿ ಬಿದ್ದೇ ಬೀಳುತ್ತದೆ. ಕುರಿ ಹಾಲು ನಾರುತ್ತದೆ ಅನ್ನುವವರು ಮೂಗಿಗೆ ಹಿಡಿದದ್ದು ಬಹಳ ಸಲ ಈ ಕೊಳೆಯ ವಾಸನೆ.

ದನದಡಾಕ್ಟ್ರು:

ಹಟ್ಟಿಯವ ಅಣ್ಣ ಚೆನ್ನಾಗಿ ಬರೆದಿದ್ದೀರಿ. ನಾನು ಪಶುವೈದ್ಯ. ಎರಡು ವಿಷಯ ಸೇರಿಸ್ತೀನಿ, ಎರಡೂ ಹೆದರಿಸುವ ವಿಷಯವೇ, ಆದರೆ ಹೇಳಲೇಬೇಕು.

ಒಂದು, ಹಸಿ ಹಾಲು ಬೇಡವೇ ಬೇಡ. "ನೊರೆ ಹಾಲು ಶಕ್ತಿ" ಅಂತ ಹಿಂಡಿದ ಹಾಗೇ ಕುಡಿಯುವವರು ಇನ್ನೂ ಇದ್ದಾರೆ. ಕುರಿ ಮೇಕೆಗಳಲ್ಲಿ ಬ್ರುಸೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಕುರಿ ಕಂದು ಹಾಕುವುದಕ್ಕೆ (ಗರ್ಭಪಾತಕ್ಕೆ) ಅದೂ ಒಂದು ಕಾರಣ. ಮನುಷ್ಯರಿಗೆ ಬಂದರೆ ವಾರಗಟ್ಟಲೆ ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು. ಟೈಫಾಯ್ಡ್ ಅಂತಲೋ ಮಲೇರಿಯಾ ಅಂತಲೋ ಔಷಧಿ ತಗೊಂಡು ತಗೊಂಡು ಸುಸ್ತಾದವರನ್ನು ನೋಡಿದ್ದೇನೆ. ಇದಕ್ಕೆ ಹಳೇ ಹೆಸರು ಮಾಲ್ಟಾ ಜ್ವರ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಹೀಗೆ ಮಲಗುತ್ತಿದ್ದರು. ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ 1887ರಲ್ಲಿ ರೋಗಾಣು ಕಂಡುಹಿಡಿದ. ಅದು ಬರುತ್ತಿರುವುದು ಮೇಕೆ ಹಾಲಿನಿಂದ ಅಂತ ಗೊತ್ತಾಗಲು 1905ರ ತನಕ ಕಾಯಬೇಕಾಯ್ತು, ಅದನ್ನು ಹಿಡಿದದ್ದು ಅಲ್ಲಿನವನೇ ಆದ ಜ಼ಾಮಿಟ್. ಇಷ್ಟೆಲ್ಲ ಕಥೆಗೆ ಮದ್ದು ಏನು ಗೊತ್ತಾ, ಹಾಲು ಚೆನ್ನಾಗಿ ಉಕ್ಕಿಸುವುದು. ಅಷ್ಟೇ. ಗಿಣ್ಣು ಮಾಡಿದರೂ ನಡುವೆ ಹಸಿ ಉಳಿಯದ ಹಾಗೆ ಹಬೆಯಲ್ಲಿ ಪೂರ್ತಿ ಬೇಯಿಸಿ. ಹಸಿ ಹಾಲಿಗೆ ಹೆಪ್ಪು ಹಾಕಬೇಡಿ, ಕಾಯಿಸಿ ಆರಿಸಿಯೇ ಹಾಕಿ.

ಎರಡು, ಯಾರೂ ಕೇಳದ ಪ್ರಶ್ನೆ. ಹಿಂಡಿಗೆ ಈಚೆಗೆ ಇಂಜೆಕ್ಷನ್ ಆಗಿದೆಯಾ, ಜಂತುಹುಳದ ಔಷಧಿ ಕುಡಿಸಿದ್ದಾರಾ ಅಂತ ಕೇಳಿಕೊಳ್ಳಿ. ಔಷಧಿ ಕೊಟ್ಟ ಮೇಲೆ ಕೆಲವು ದಿನ ಹಾಲಲ್ಲಿ ಅದು ಬರುತ್ತದೆ. ಎಷ್ಟು ದಿನ ಬಿಡಬೇಕು ಅಂತ ಬಾಟಲಿ ಮೇಲೇ ಬರೆದಿರುತ್ತದೆ. ಇದನ್ನು ಕಾಯಿಸಿ ಕಳೆಯಲು ಆಗಲ್ಲ.

4 ವರ್ಷದ ಮಗಳಿಗೆ ಅಲರ್ಜಿ ಇಲ್ಲ ಅಂದಮೇಲೆ ಕಾಯಿಸಿದ ಹಾಲು ಅರ್ಧ ಲೋಟ ಕೊಡಿ, ತೊಂದರೆ ಇಲ್ಲ. ಮೊದಲ ದಿನ ಎರಡು ಮೂರು ಚಮಚದಿಂದ ಶುರು ಮಾಡಿ ನೋಡಿ. ಕಾಯಿಸಲು ನನಗೆ ಬರುತ್ತದೆ, ಮಕ್ಕಳ ತೂಕ ಏರಿಸಲು ಬರಲ್ಲ, ಅದಕ್ಕೆ ಮಕ್ಕಳ ಡಾಕ್ಟರ್ ಇದ್ದಾರೆ.

ಎರಡುಮಕ್ಕಳತಾಯಿ:

ತೂಕದ ಬಗ್ಗೆ ಒಂದು ಮಾತು, ಕೇಳದೇ ಹೇಳ್ತಿದ್ದೀನಿ. ತೂಕ ಕಮ್ಮಿ ಅಂತ ಹಾಲು ಜಾಸ್ತಿ ಮಾಡಿದರೆ ಮಕ್ಕಳು ಊಟ ಬಿಡ್ತಾರೆ. ನನ್ನ ದೊಡ್ಡವಳು ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿದು ರೊಟ್ಟಿ, ಬೇಳೆ ಮುಟ್ಟುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9. ಮೇಲೆ ಅಣ್ಣ ಹೇಳಿದ ಹಾಗೆ ಹಾಲಲ್ಲಿ ಕಬ್ಬಿಣ ತೀರಾ ಕಮ್ಮಿ. ಹಾಲು ಇಳಿಸಿದ ಮೇಲೇ ಅವಳು ತಟ್ಟೆ ಕಡೆ ತಿರುಗಿದ್ದು.

ತುಲೂಸ್‌ಕನ್ನಡಿಗ:

ಈ ಚರ್ಚೆ ನೋಡಿ ಕೈ ತಡೆಯಲಿಲ್ಲ. ನಾನು ಫ್ರಾನ್ಸಿನ ತುಲೂಸ್‌ನಲ್ಲಿದ್ದೇನೆ, ಮೂಲ ದಾವಣಗೆರೆ. ಇಲ್ಲಿ ಕುರಿ ಹಾಲಿನ ಮೊಸರು ಸಾಮಾನ್ಯ ಅಂಗಡಿಯಲ್ಲೇ ಸಿಗುತ್ತದೆ, ಬೆಲೆ ಹಸುವಿನದಕ್ಕಿಂತ ಜಾಸ್ತಿ. ಮೊದಲ ಸಲ ತಂದಾಗ ಹೆಂಡತಿ ಬಾಯಿಗಿಟ್ಟು "ಅಯ್ಯೋ, ಇದು ನಮ್ಮ ಎಮ್ಮೆ ಮೊಸರು ಕಣ್ರೀ" ಅಂದಳು. ಇಲ್ಲಿನ ಹಸುವಿನ ಮೊಸರು ನಮಗೆ ನೀರು ನೀರು ಅನ್ನಿಸುತ್ತದೆ. ಮೊಸರನ್ನಕ್ಕೆ ಈಗ ಇದೇ.

ಇಲ್ಲಿಂದ ಕಾರಲ್ಲಿ ಎರಡು ಎರಡೂವರೆ ಗಂಟೆ ಹೋದರೆ ರೋಕ್‌ಫೋರ್ ಅನ್ನುವ ಊರು. ನೀಲಿ ಗೆರೆ ಇರುವ ಚೀಸ್ ಇದೆಯಲ್ಲ, ಅದರ ತವರು. ಲಕೋನ್ ಅನ್ನುವ ತಳಿಯ ಕುರಿ ಹಾಲು ಬಿಟ್ಟು ಬೇರೆ ಹಾಲು ಅದಕ್ಕೆ ಹಾಕುವ ಹಾಗಿಲ್ಲ. ಆ ಊರಿನ ಗುಡ್ಡದ ಗುಹೆಗಳಲ್ಲೇ ಮಾಗಬೇಕು. ಈ ಹೆಸರಿಗೆ 1925ರಿಂದ ಕಾನೂನಿನ ಕಾವಲಿದೆ. ಗುಹೆ ಒಳಗೆ ಹೋಗಿದ್ದೆವು. ಬೇಸಿಗೆಯಲ್ಲೂ ಸ್ವೆಟರ್ ಬೇಕು, ಬಂಡೆಯ ಸಂದಿಯಿಂದ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ವಾಸನೆ ಬಗ್ಗೆ ಹೇಳುವುದಿಲ್ಲ, ಮಗ ಮೂಗು ಮುಚ್ಚಿಕೊಂಡು ಹೊರಗೆ ಓಡಿದ.

ಯುರೋಪಿನವರು ಕುರಿ ಹಾಲನ್ನು ಕುಡಿಯುವುದು ಕಮ್ಮಿ, ಚೀಸ್ ಮಾಡುತ್ತಾರೆ. ಇಟಲಿಯ ಪೆಕೊರಿನೊ ಕುರಿಯದ್ದು, "ಪೆಕೊರ" ಅಂದರೇ ಅವರ ಭಾಷೆಯಲ್ಲಿ ಕುರಿ. ಗ್ರೀಸಿನ ಫೆಟಾದಲ್ಲಿ ಕಮ್ಮಿ ಅಂದರೂ 70% ಕುರಿ ಹಾಲು ಇರಬೇಕು, ಉಳಿದದ್ದು ಮೇಕೆಯದ್ದು. ಹೆಪ್ಪುಹಾಕಿದವ ಅಣ್ಣ ಹೇಳಿದ ಕೇಸಿನ್ ಲೆಕ್ಕವೇ ಇದಕ್ಕೂ ಕಾರಣ ಇರಬೇಕು ಅಲ್ವಾ? ಒಂದು ಕಿಲೋ ಚೀಸಿಗೆ ಹಸುವಿನ ಹಾಲು ಹತ್ತು ಲೀಟರ್ ಬೇಕು, ಕುರಿಯದ್ದು ಐದರ ಆಸುಪಾಸು ಸಾಕು ಅಂತ ಅಲ್ಲಿ ಹೇಳಿದರು.

ಆದರೆ ಹಟ್ಟಿಯವರು ಬರೆದ "ಒಂದು ಮೊಲಿ ಮರಿಗೆ" ಓದಿ ಒಂದು ಕ್ಷಣ ಸುಮ್ಮನಾದೆ. ಇಲ್ಲಿ ಮರಿಯನ್ನು ಸುಮಾರು ಒಂದು ತಿಂಗಳಿಗೇ ತಾಯಿಯಿಂದ ಬೇರೆ ಮಾಡುತ್ತಾರೆ. ಆಮೇಲೆ ಹಾಲು ಪೂರ್ತಿ ಮೆಷಿನ್ನಿಗೆ. ಒಂದು ಕುರಿ ಒಂದು ಹಂಗಾಮಿಗೆ ನೂರಾರು ಲೀಟರ್ ಕೊಡುತ್ತದೆ ನಿಜ, ಆದರೆ ಆ ಕೊಟ್ಟಿಗೆಯಲ್ಲಿ ಮರಿಗಳ ಕೂಗು ಇರಲಿಲ್ಲ.

ಉಂಡಾಡಿ_ಗುಂಡ:

ಹಾಗಾದರೆ ನಮ್ಮಲ್ಲೂ ಕುರಿ ಹಾಲಿನ ಡೇರಿ ಮಾಡಿದರೆ ಕೋಟಿ ಕೋಟಿ ಅಲ್ವಾ? ಕುರಿಗೇನು ಬರ ಇಲ್ಲಿ.

ದನದಡಾಕ್ಟ್ರು:

ಕುರಿಗೆ ಬರ ಇಲ್ಲ, 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದಲ್ಲೇ ಸುಮಾರು 1.1 ಕೋಟಿ. ಹಾಲಿಗೆ ಬರ. ನಮ್ಮ ಡೆಕ್ಕನಿ, ಬಳ್ಳಾರಿ, ಕೆಂಗುರಿ, ಬಂಡೂರು ಎಲ್ಲ ಮಾಂಸಕ್ಕೆ, ಉಣ್ಣೆಗೆ, ನಡೆಯುವುದಕ್ಕೆ, ಒಣ ಹುಲ್ಲಲ್ಲೂ ಬದುಕುವುದಕ್ಕೆ ಆಗಿ ಬಂದ ತಳಿಗಳು. ಹಾಲಿಗೆ ಅಂತ ಯಾರೂ ಆರಿಸಿ ಬೆಳೆಸಿಲ್ಲ. ಇರುವ ಒಂದು ಲೋಟ ನೀವು ಹಿಂಡಿದರೆ ಮರಿಯ ತೂಕ ಇಳಿಯುತ್ತದೆ, ಕುರಿಗಾಹಿಗೆ ದುಡ್ಡು ಬರುವುದು ಮರಿ ಮಾರಿದಾಗ. ಅವನು ಯಾಕೆ ಹಾಲು ಮಾರುತ್ತಾನೆ? ಯಾರಾದರೂ "ಅಪ್ಪಟ ಕುರಿ ಹಾಲು" ಅಂತ ದಿನಾ ಮನೆಗೆ ತಂದು ಕೊಡ್ತೀನಿ ಅಂದರೆ ನನಗಂತೂ ಮೊದಲು ಡೌಟು ಬರುತ್ತದೆ.

ಗಿಣ್ಣುಪ್ರಿಯೆ:

ಅಲರ್ಜಿ ವಿಷಯ ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಪಕ್ಕದ ಮನೆ ಮಗುವಿಗೆ ಅಲರ್ಜಿ ಇರಲಿಲ್ಲ ಅನ್ನಿಸುತ್ತೆ, ಸುಮ್ನೆ ಮೇಕೆ ಇತ್ತು, ಕೊಟ್ಟರು.

ಮೊಸರವಲಕ್ಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿ ಬಂದಳು. ಮಗುವಿನ ಹತ್ತಿರ ಹಾಲು ಸುಳಿಯಲು ಬಿಡಲಿಲ್ಲ. ಅತ್ತೆಗೆ ಮೊದಲೇ ಹೇಳಿದ್ದೆ, ಆದರೂ ಬೆರಳಿಗೆ ಸ್ವಲ್ಪ ಮೊಸರು ಹಚ್ಚಿ "ನಾಲಿಗೆಗೆ ಅಷ್ಟೇ" ಅಂತ ಬಂದರು! ಎರಡುಮಕ್ಕಳತಾಯಿ ಅವರ ಕಥೆ ಪೂರ್ತಿ ಓದಿ ಹೇಳಿದ ಮೇಲೆ ಕೈ ತೊಳೆದುಕೊಂಡರು.

ಮಗಳಿಗೆ ಮೊದಲ ದಿನ ಮೂರು ಚಮಚ, ಆಮೇಲೆ ಅರ್ಧ ಲೋಟ ಕೊಟ್ಟೆ. ಏನೂ ಆಗಲಿಲ್ಲ. ಹಾಲಿಗಿಂತ ಮೊಸರು ಇಷ್ಟ ಆಯ್ತು ಅವಳಿಗೆ, ಬೆಲ್ಲ ತುರಿದು ಹಾಕಿ ಕೊಟ್ಟರೆ ಐಸ್‌ಕ್ರೀಮ್ ಅಂತಾಳೆ. ಮಾವನಿಗೆ ಮಧ್ಯಾಹ್ನ ಎರಡು ಚಮಚ ಅಂತ ಒಪ್ಪಂದ ಆಗಿದೆ, ಚಮಚ ಯಾವುದು ಅನ್ನುವುದರ ಮೇಲೆ ಜಗಳ ನಡೀತಾ ಇದೆ.

ಡಾಕ್ಟ್ರು ಹೇಳಿದ ಹಾಗೆ ಔಷಧಿ ವಿಷಯ ಕೇಳಲು ನಾನೇ ಹೊಲಕ್ಕೆ ಹೋಗಿದ್ದೆ. ಆ ಅಕ್ಕನಿಗೆ ಆಶ್ಚರ್ಯ. ಇಂಜೆಕ್ಷನ್ ಆಗಿದ್ದು ದೀಪಾವಳಿ ಹೊತ್ತಿಗಂತೆ, ಔಷಧಿ ಕುಡಿಸಿದ ಎರಡು ಕುರಿಗಳ ಹಾಲು ತಾವೂ ಕುಡಿಯುವುದಿಲ್ಲ ಅಂದರು, ಆ ಕುರಿಗಳ ಕೊಂಬಿಗೆ ಕೆಂಪು ಬಣ್ಣ ಹಚ್ಚಿದ್ದರು. ಹಟ್ಟಿಯವರು ಬರೆದ ಹಾಗೇ ಹಿಂದೆ ಕೂತು ಹಿಂಡುವುದನ್ನು ನೋಡಿದೆ. ನಾನೂ ಒಂದು ಕೈ ನೋಡಿದೆ, ಒಂದು ಹನಿ ಬರಲಿಲ್ಲ, ಕುರಿ ತಿರುಗಿ ನನ್ನ ಮುಖ ನೋಡಿತು. ತಂಬಿಗೆ ಬರಿದೇ ಕೊಡಬಾರದು ಅಂತ ಅತ್ತೆ ಹೊಸ ಕಡಲೆ ತುಂಬಿ ಕಳಿಸಿದ್ದರು.

ನಾಡಿದ್ದು ಅವರು ಅಣ್ಣಿಗೇರಿ ಕಡೆ ಹೊರಡುತ್ತಾರೆ, ನಾವು ಬೆಂಗಳೂರಿಗೆ. ಕೊನೆ ಪ್ರಶ್ನೆ: ಈ ಮೊಸರನ್ನೇ ಡಬ್ಬಿಯಲ್ಲಿ ತಗೊಂಡು ಹೋಗಿ ಪ್ಯಾಕೆಟ್ ಹಾಲಿಗೆ ಹೆಪ್ಪು ಹಾಕಿದರೆ ಅಲ್ಲೂ ಹೀಗೇ ಗಟ್ಟಿ ಬರುತ್ತಾ?

ಹೆಪ್ಪುಹಾಕಿದವ:

ಬರಲ್ಲ ಅಕ್ಕ. ಗಟ್ಟಿತನ ಇದ್ದದ್ದು ಹಾಲಲ್ಲಿ, ಹೆಪ್ಪಿನಲ್ಲಲ್ಲ. ಹೆಪ್ಪಿನಿಂದ ರುಚಿ ಸ್ವಲ್ಪ ದಿನ ಬರಬಹುದು. ಗಟ್ಟಿ ಬೇಕು ಅಂದರೆ ಒಂದು ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಲೀಟರ್ ಆಗುವ ತನಕ ಇಂಗಿಸಿ, ಇಲ್ಲ ಮೂರು ನಾಲ್ಕು ಚಮಚ ಹಾಲಿನ ಪುಡಿ ಕದಡಿ. ಬೆರಳು ತಡೆಯುವಷ್ಟು ಬಿಸಿ ಇದ್ದಾಗ ಹೆಪ್ಪು ಹಾಕಿ, ಆಮೇಲೆ ಅಲ್ಲಾಡಿಸಬೇಡಿ. ಬಟ್ಟಲು ತಲೆಕೆಳಗೆ ಮಾಡುವ ಪರೀಕ್ಷೆ ಮಾತ್ರ ಸಿಂಕಿನ ಮೇಲೆ ಮಾಡಿ.